ಫೈಬರ್ ದೋಣಿಗೆ ಒಂದೂ ತೂತು ಕೊರೆಯದೆ ಸಾಮಾನು ಕೂರಿಸಿದ್ದು: ಏಪ್ರಿಲ್‌ನಿಂದ ಜುಲೈವರೆಗಿನ ಲೆಕ್ಕ

ಏಪ್ರಿಲ್ 6

ಸ್ಕ್ರೂ ಬಿಚ್ಚಿದ ಕೂಡಲೇ ತೂತಿನಿಂದ ಕಪ್ಪು ನೀರು ತೊಟ್ಟಿಕ್ಕಿತು. ಹುಳಿ ವಾಸನೆ ಬೇರೆ. ದೋಣಿ ದಂಡೆ ಏರಿ ಎರಡು ತಿಂಗಳಾಗಿತ್ತು. ಮೇಲೆ ನಮ್ಮ ಕೊಪ್ಪಳ ಜಿಲ್ಲೆಯ ಏಪ್ರಿಲ್ ಬಿಸಿಲು. ಆದರೂ ಹಿಂದಿನ ಹಲಗೆಯ ಒಳಗೆ ನೀರು ಹಾಗೇ ಕೂತಿತ್ತು.

ಫೆಬ್ರವರಿಯಲ್ಲಿ 18,000 ರೂಪಾಯಿಗೆ ತಂದ ಹಳೆಯ ಫೈಬರ್ ದೋಣಿ ಇದು. 12 ಅಡಿ ಉದ್ದ, 4 ಅಡಿ ಅಗಲ. ಅಡ್ಡಕ್ಕೆ ಮೂರು ಆಸನ, ಮೂರೂ ಒಳಗೆ ಟೊಳ್ಳು. ಹಿಂದಿನ ಮಾಲೀಕ ಏನೇನೋ ಕೂರಿಸಲು ಆರು ತೂತು ಕೊರೆದಿದ್ದ, ಒಂದಕ್ಕೂ ಸರಿಯಾಗಿ ಸೀಲ್ ಹಾಕಿರಲಿಲ್ಲ. ತಳದಲ್ಲಿ ನಾಲ್ಕು, ಹಿಂದಿನ ಹಲಗೆಯಲ್ಲಿ ಎರಡು. ಹಲಗೆಯ ಒಳಗೆ ಪ್ಲೈವುಡ್ ಇದೆ, ಅದರ ಮೇಲೆ ಫೈಬರ್ ಹೊದಿಕೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತಾ ಹೋದೆ. ಎಲ್ಲಾ ಕಡೆ ಟಣ್ ಟಣ್ ಅನ್ನುವುದು ಆ ಎರಡು ತೂತುಗಳ ಸುತ್ತ ಮಾತ್ರ ಒಂದು ಗೇಣು ದಬ್ ದಬ್ ಅಂತಿತ್ತು. ಕೊಳೆತಿದೆ ಅಂತ ಅರ್ಥ.

ತಳದ ತೂತಿನಲ್ಲಿ ಕೊಕ್ಕೆಯಂತೆ ಬಾಗಿಸಿದ ತಂತಿ ಇಳಿಸಿ ದಪ್ಪ ಅಳೆದೆ. ತಳ 5 ಮಿಮೀ. ಒಂದೇ ಪದರ, ನಡುವೆ ಫೋಮ್ ಇಲ್ಲ. ಈ ಅಳತೆ ಮುಂದೆ ಕೆಲಸಕ್ಕೆ ಬಂತು.

ಅವತ್ತೇ ತೀರ್ಮಾನ ಮಾಡಿದೆ. ಹಳೆಯ ಆರು ತೂತು ಮುಚ್ಚುವುದು, ಹೊಸದು ಒಂದೂ ಕೊರೆಯುವುದಿಲ್ಲ. ಕೂರಿಸಬೇಕಾದದ್ದು ನಾಲ್ಕು: ಬ್ಯಾಟರಿ ಪೆಟ್ಟಿಗೆ, ಶಬ್ದ ಕಳಿಸಿ ನೀರಿನ ಆಳ ತೋರಿಸುವ ಸೋನಾರ್‌ನ ಸೆನ್ಸರ್, ದೀಪದ ಕಂಬ, ಲಂಗರಿನ ಹಗ್ಗ ಕಟ್ಟಲು ಒಂದು ಗೂಟ. ಜೊತೆಗೆ ಒಂದು ಪುಟ್ಟ ಸ್ವಿಚ್ ಡಬ್ಬಿ.

ನಾನು ದೋಣಿ ಕೆಲಸದವನಲ್ಲ. ತುಂಗಭದ್ರಾ ಅಣೆಕಟ್ಟಿನ ಪಕ್ಕದ ಮುನಿರಾಬಾದಿನಲ್ಲಿ ಮೋಟಾರ್ ವೈಂಡಿಂಗ್ ಮಾಡುತ್ತೇನೆ. ದೋಣಿ ನನ್ನದು, ಮೀನಿನ ಲೈಸೆನ್ಸ್ ಗೆಳೆಯನದು. ಅವನು ಹುಲಿಗಿಯವನು, ಹರಿಗೋಲಿನಲ್ಲೇ ಬೆಳೆದವನು.

ಏಪ್ರಿಲ್ 9 ರಿಂದ 12

ತೂತು ಮುಚ್ಚಿದ್ದು. ಸುತ್ತ ಎರಡು ಇಂಚು ಇಳಿಜಾರಾಗಿ ಉಜ್ಜಿ, ಒಳಗಿನಿಂದ ಮೂರು ಪದರ ಗ್ಲಾಸ್ ಮ್ಯಾಟ್ (ಗಾಜಿನ ಎಳೆಗಳ ಹಾಸು), ಹೊರಗಿನಿಂದ ಒಂದು. ಈ ಕೆಲಸ ಸಲೀಸಾಗಿ ಮುಗಿಯಿತು. ಒಂದೇ ಮಾತು: ಫೈಬರ್ ಉಜ್ಜುವಾಗ ಲುಂಗಿ ಉಟ್ಟುಕೊಂಡು ಕೂರಬೇಡಿ. ಎರಡು ದಿನ ತೊಡೆ ತುರಿಸಿಕೊಂಡೆ. ಮುಖಕ್ಕೆ ಮಾಸ್ಕ್ ಹಾಕಿದ್ದೆ, ಪುಣ್ಯ. ಆಮೇಲಿಂದ ನೀರು ಚಿಮುಕಿಸಿ ಒದ್ದೆ ಮಾಡಿಯೇ ಉಜ್ಜಿದೆ, ಧೂಳು ಏಳಲಿಲ್ಲ.

ಹಿಂದಿನ ಹಲಗೆಯ ತೂತುಗಳನ್ನು ಮುಚ್ಚಲಿಲ್ಲ. ಮೊದಲು ಒಣಗಲಿ ಅಂತ ತೆರೆದಿಟ್ಟೆ. ಅಂಗಡಿಯಲ್ಲಿ ವಾರ್ನಿಶ್ ಹಾಕಿದ ಕಾಯಿಲ್ ಒಣಗಿಸುವ 200 ವ್ಯಾಟ್ ಬಲ್ಬನ್ನೇ ತಂದು ಹತ್ತಿರ ನೇತುಹಾಕಿದೆ.

ಏಪ್ರಿಲ್ 14. ಮೊದಲ ಸೋಲು: ತರಕಾರಿ ಹೆಚ್ಚುವ ಮಣೆ

ಬ್ಯಾಟರಿ ಪೆಟ್ಟಿಗೆಗೆ ತಳದಲ್ಲಿ ಒಂದು ಪೀಠ ಅಂಟಿಸಬೇಕು. ಅದರ ಮೇಲೆ ಬೋಲ್ಟ್ ಹಾಕಿಕೊಳ್ಳಬಹುದು, ದೋಣಿಗೆ ತೂತು ಬೇಕಿಲ್ಲ. ಪೀಠಕ್ಕೆ ಯಾವ ವಸ್ತು? ನೀರಿಗೆ ಕೊಳೆಯದ್ದು ಬೇಕು ಅಂತ 220 ರೂಪಾಯಿ ಕೊಟ್ಟು ಪ್ಲಾಸ್ಟಿಕ್ ಮಣೆ ತಂದೆ. ಬಿಳಿ, ಗಟ್ಟಿ, ನೋಡಲು ಚೆಂದ. ಎಪಾಕ್ಸಿ (ರಾಳಕ್ಕೆ ಹಾರ್ಡ್‌ನರ್ ಕಲಸಿ ಮಾಡುವ ಅಂಟು) ಹಚ್ಚಿ ಅಂಟಿಸಿ, ಮೇಲೆ ಇಟ್ಟಿಗೆ ಹೇರಿ ಬಂದೆ.

ಮಾರನೆಯ ದಿನ ಇಟ್ಟಿಗೆ ತೆಗೆದು ಮಣೆಯ ಮೂಲೆಗೆ ಹೆಬ್ಬೆರಳು ಹಾಕಿ ಎತ್ತಿದೆ. ಹೆಂಚಿನಿಂದ ರೊಟ್ಟಿ ಎದ್ದ ಹಾಗೆ ಪೂರ್ತಿ ಎದ್ದು ಬಂತು. ಎಪಾಕ್ಸಿ ಎಲ್ಲಾ ದೋಣಿಯ ಮೇಲೇ ಉಳಿದಿತ್ತು, ಕನ್ನಡಿಯಂತೆ ನುಣ್ಣಗೆ. ಆ ಮಣೆ ಪಾಲಿಎಥಿಲೀನ್. ಅದಕ್ಕೆ ಎಪಾಕ್ಸಿ ಹಿಡಿಯುವುದೇ ಇಲ್ಲ. ಎಪಾಕ್ಸಿ ಕಲಸಲು ನಾನು ಬಳಸಿದ ಡಬ್ಬಿಯೂ ಅದೇ ಪ್ಲಾಸ್ಟಿಕ್. ಒಣಗಿದ ಅಂಟು ಡಬ್ಬಿಯಿಂದ ತಾನಾಗಿ ಬಿಟ್ಟು ಬರುವುದನ್ನು ನೋಡಿದ್ದೆ, ಆದರೂ ತಲೆಗೆ ಹೋಗಿರಲಿಲ್ಲ.

ಮಣೆ ಈಗ ಅಡುಗೆಮನೆಯಲ್ಲಿದೆ. ಮನೆಯವಳಿಗೆ ಖುಷಿ.

ಏಪ್ರಿಲ್ 17. ಹೊಗೆ

12 ಮಿಮೀ ಪ್ಲೈವುಡ್ ತುಂಡು ತಂದೆ, 10 ಇಂಚು x 8 ಇಂಚು. ಮೊದಲು ಎರಡು ಕೋಟ್ ಎಪಾಕ್ಸಿ ಕುಡಿಸಬೇಕು, ಅಂಚುಗಳಿಗೆ ಮೂರು. ಅಂಚೇ ಜಾಸ್ತಿ ಕುಡಿಯುವುದು.

ಮಧ್ಯಾಹ್ನ ಹನ್ನೆರಡೂವರೆಗೆ ಒಂದೇ ಸಲ 150 ಗ್ರಾಂ ಕಲಸಿದೆ, ಐಸ್‌ಕ್ರೀಮ್ ಡಬ್ಬಿಯಲ್ಲಿ. ಬ್ರಷ್ ಹುಡುಕಿ ತರುವಷ್ಟರಲ್ಲಿ ಡಬ್ಬಿ ಮುಟ್ಟಲಾಗದಷ್ಟು ಬಿಸಿ. ಆಮೇಲೆ ಬಿಳಿ ಹೊಗೆ. ಡಬ್ಬಿಯ ತಳ ಸೊಟ್ಟಗಾಯಿತು, ಒಳಗೆ ಹಳದಿ ಕಲ್ಲು. ಎಪಾಕ್ಸಿ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ, ಆ ಬಿಸಿಗೆ ಇನ್ನೂ ಬೇಗ ಗಟ್ಟಿಯಾಗುತ್ತದೆ. ಆಳದ ಡಬ್ಬಿಯಲ್ಲಿ ರಾಶಿಯಾಗಿ ಇದ್ದರೆ ಶಾಖಕ್ಕೆ ಹೋಗಲು ದಾರಿ ಇಲ್ಲ. ಮೇಲಿನಿಂದ ನಮ್ಮ ನಲವತ್ತು ಡಿಗ್ರಿ ಬಿಸಿಲು ಬೇರೆ.

ಅಂದಿನಿಂದ ಎರಡು ನಿಯಮ. ಬೆಳಗ್ಗೆ ಐದೂವರೆಗೆ ಶುರು, ಏಳೂವರೆಗೆ ಬಂದ್. ಒಂದು ಸಲಕ್ಕೆ 40 ಗ್ರಾಂ ಮಾತ್ರ. ಕಲಸಿದ ತಕ್ಷಣ ಒಂದು ಹಳೆಯ ಟೈಲ್ ಮೇಲೆ ತೆಳ್ಳಗೆ ಹರಡುವುದು.

ಏಪ್ರಿಲ್ 19. ಒಣಗದ ಅಂಟು

ನಾನು ತಂದ ರಾಳಕ್ಕೆ ಹಾರ್ಡ್‌ನರ್ 100ಕ್ಕೆ 10, ತೂಕದ ಲೆಕ್ಕ. 40 ಗ್ರಾಂ ರಾಳಕ್ಕೆ 4 ಗ್ರಾಂ. ನನ್ನ ಅಡುಗೆಮನೆ ತಕ್ಕಡಿ ತೋರಿಸುವುದು ಬರೀ ಪೂರ್ತಿ ಗ್ರಾಂ. ಅದು 4 ಅಂದರೆ ಮೂರೂವರೆಯೂ ಇರಬಹುದು, ನಾಲ್ಕೂವರೆಯೂ ಇರಬಹುದು. ಎರಡು ದಿನ ಆದರೂ ಪ್ಲೈವುಡ್ ಕೈಗೆ ಅಂಟುತ್ತಿತ್ತು, ಬೆಲ್ಲದ ಪಾಕದ ಹಾಗೆ. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕುವ ಬುದ್ಧಿಯೂ ಬಂತು. ಹಾಗೆ ಮಾಡಬೇಡಿ. ಜಾಸ್ತಿ ಆದರೂ ಕೆಡುತ್ತದೆ, ಕಮ್ಮಿ ಆದರೂ ಕೆಡುತ್ತದೆ. ಎಲ್ಲಾ ಕೆರೆದು, ಅಂಟು ಜಿಡ್ಡು ತೆಗೆಯುವ ಅಸಿಟೋನ್‌ನಿಂದ ಒರೆಸಿ ಮತ್ತೆ ಮೊದಲಿನಿಂದ.

0.1 ಗ್ರಾಂ ತೋರಿಸುವ ಜೇಬು ತಕ್ಕಡಿ ತರಿಸಿದೆ, 450 ರೂಪಾಯಿ. ಆಮೇಲೆ ಒಂದು ಸಲವೂ ಈ ತೊಂದರೆ ಬರಲಿಲ್ಲ.

ಏಪ್ರಿಲ್ 24. ಪೀಠ ಕೂತಿತು

ಇದನ್ನು ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ, ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ.

ಮೊದಲು ಪ್ಲೈವುಡ್‌ಗೆ ನಾಲ್ಕು ಎಂ6 (6 ಮಿಮೀ ದಪ್ಪದ) ಸ್ಟೇನ್‌ಲೆಸ್ ಬೋಲ್ಟ್. ಪೀಠದ ಅಡಿಯಿಂದ ಮೇಲಕ್ಕೆ. ತಲೆ ಕೂರಲು ಕೆಳಗೆ ಕುಳಿ ತೋಡಿದೆ, ತಲೆ ಹೊರಗೆ ಚಾಚಬಾರದು. ಮೇಲೆ ನಟ್ಟು ಕೂರುವ ಥ್ರೆಡ್ 25 ಮಿಮೀ ನಿಲ್ಲುತ್ತದೆ. ಥ್ರೆಡ್‌ಗೆ ಮೇಣದಬತ್ತಿ ಉಜ್ಜಿದೆ, ಅಂಟು ಹತ್ತದಿರಲಿ ಅಂತ.

ಆಮೇಲೆ ದೋಣಿಯ ತಳ. ಫೈಬರಿನ ಹೊಳೆಯುವ ಮೇಲ್ಪದರ, ಅಂದರೆ ಜೆಲ್‌ಕೋಟ್ ಮೇಲೆ ಹಳೆಯ ಮೇಣ, ಎಣ್ಣೆ, ಮೀನಿನ ಜಿಡ್ಡು ಎಲ್ಲಾ ಇರುತ್ತದೆ. ಉಜ್ಜುವ ಮೊದಲೇ ಅಸಿಟೋನ್‌ನಿಂದ ಒರೆಸಬೇಕು. ಮೊದಲು ಉಜ್ಜಿದರೆ ಆ ಮೇಣವನ್ನೇ ಗೀರುಗಳೊಳಗೆ ತುಂಬಿದ ಹಾಗಾಗುತ್ತದೆ. ಬಟ್ಟೆ ಒಂದೇ ದಿಕ್ಕಿಗೆ ಎಳೆಯಬೇಕು, ಪ್ರತಿ ಸಲ ಹೊಸ ಮಡಿಕೆ. ನಂತರ 80 ನಂಬರ್ ಉಜ್ಜುವ ಕಾಗದದಿಂದ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿದೆ. ಮತ್ತೆ ಅಸಿಟೋನ್.

ಸ್ವಚ್ಛ ಆಯಿತೋ ಇಲ್ಲವೋ ಅಂತ ನೋಡಲು ನೀರಿನ ಪರೀಕ್ಷೆ. ಒಂದು ಲೋಟ ನೀರು ಸುರಿಯಿರಿ. ನೀರು ಚಾದರದಂತೆ ಹರಡಿ ನಿಂತರೆ ಸ್ವಚ್ಛ. ಕೆಸುವಿನ ಎಲೆಯ ಮೇಲಿನಂತೆ ಹನಿಹನಿಯಾಗಿ ಓಡಿದರೆ ಇನ್ನೂ ಮೇಣ ಇದೆ. ನನ್ನದು ಎಡ ಮೂಲೆಯಲ್ಲಿ ಹನಿಯಾಯಿತು. ಮತ್ತೊಮ್ಮೆ ಒರೆಸಿ, ಉಜ್ಜಿದೆ. ಎರಡನೇ ಸಲ ಪೂರ್ತಿ ಹರಡಿತು. ಆಮೇಲೆ ಚೆನ್ನಾಗಿ ಒಣಗಿಸಿದೆ.

ದೋಣಿಯ ತಳ ಸಮತಟ್ಟಲ್ಲ, ಸ್ವಲ್ಪ ಬಾಗಿದೆ. ಪೀಠ ಇಟ್ಟರೆ ಅಂಚಿನಲ್ಲಿ 4 ಮಿಮೀ ಸಂದಿ. ತೆಳು ಎಪಾಕ್ಸಿ ಅಲ್ಲಿ ನಿಲ್ಲುವುದಿಲ್ಲ, ಹರಿದು ಹೋಗುತ್ತದೆ. ದಪ್ಪ ಮಾಡಲು ಏನು ಹಾಕುವುದು? ಈ ಉಪಾಯ ಬಂದದ್ದು ಕೊಪ್ಪಳದ ಪಕ್ಕದ ಕಿನ್ನಾಳದಿಂದ. ಅಲ್ಲಿನ ಚಿತ್ರಗಾರರು ಮರದ ಗೊಂಬೆಗೆ ಕಿಟ್ಟ ಅಂತ ಒಂದನ್ನು ಮಾಡುತ್ತಾರೆ. ಹುಣಸೆ ಬೀಜದ ಅಂಟಿಗೆ ಮರದ ಹೊಟ್ಟು, ಗೋಣಿಯ ಪುಡಿ ಸೇರಿಸಿ ಕಲಸಿದ್ದು. ಅಂಟಿಗೆ ಹೊಟ್ಟು ಹಾಕಿದರೆ ಅದು ಸಂದಿಯನ್ನೂ ತುಂಬುತ್ತದೆ, ಹಿಡಿತವನ್ನೂ ಕೊಡುತ್ತದೆ. ಸಾಮಿಲ್‌ನಿಂದ ಒಂದು ಚೀಲ ಹೊಟ್ಟು ತಂದು ಚಹಾ ಜರಡಿಯಲ್ಲಿ ಸೋಸಿದೆ. ಕಾಸು ಕೇಳಲಿಲ್ಲ.

ಮೊದಲು ಎರಡೂ ಮುಖಕ್ಕೆ ಬರೀ ಎಪಾಕ್ಸಿ ಬ್ರಷ್‌ನಿಂದ ಹಚ್ಚಿದೆ. ಉಳಿದದ್ದಕ್ಕೆ ಹೊಟ್ಟು ಹಾಕಿ ಉದ್ದಿನ ವಡೆ ಹಿಟ್ಟಿನ ಹದಕ್ಕೆ ತಂದೆ. ಚಮಚ ತಲೆಕೆಳಗೆ ಹಿಡಿದರೂ ಬೀಳಬಾರದು. ಹಚ್ಚಿ, ಪೀಠ ಇಟ್ಟು, ಸುತ್ತಲೂ ಅಂಟು ಇಣುಕುವವರೆಗೆ ಮೆಲ್ಲಗೆ ಒತ್ತಿದೆ. ಮೇಲೆ ಒಂದೇ ಇಟ್ಟಿಗೆ. ಜಾಸ್ತಿ ಹೇರಿದರೆ ಅಂಟೆಲ್ಲ ಹೊರಬಂದು ಒಳಗೆ ಒಣ ಜಾಗ ಉಳಿಯುತ್ತದೆ. ಹೊರಬಂದ ಅಂಟನ್ನು ಚಮಚದ ಬೆನ್ನಿನಿಂದ ಸುತ್ತಲೂ ಇಳಿಜಾರಾಗಿ ಸವರಿದೆ, ಗೋಡೆ ಮೂಲೆಗೆ ಗಾರೆ ಸವರಿದಂತೆ.

ಐದು ದಿನ ಮುಟ್ಟಲಿಲ್ಲ. ಏಪ್ರಿಲ್ 29ಕ್ಕೆ ಪೀಠದ ಮೇಲೆ ನಾನೇ ನಿಂತೆ, ಬೋಲ್ಟಿಗೆ ಹಗ್ಗ ಕಟ್ಟಿ ಪಕ್ಕಕ್ಕೆ ಎಳೆದೆ. ದೋಣಿಯೇ ಜರುಗಿತು, ಪೀಠ ಮಿಸುಕಲಿಲ್ಲ. ಬ್ಯಾಟರಿ 12 ವೋಲ್ಟಿನ ಚಿಕ್ಕದು, ಎರಡೂವರೆ ಕೆಜಿ ಕೂಡ ಇಲ್ಲ. ಅದಕ್ಕೆ ಇಷ್ಟು ಸಾಕೋ ಸಾಕು.

ಮೇ 3. ಎರಡನೇ ಸೋಲು: ದೀಪದ ಕಂಬ

ಪೀಠ ಗೆದ್ದದ್ದೇ ತಲೆಗೆ ಏರಿತು. 3 ಅಡಿ ಪಿವಿಸಿ ಪೈಪಿಗೆ 4 ಇಂಚಿನ ದುಂಡು ಬುಡ ಮಾಡಿ, ಮುಂದಿನ ಆಸನದ ಮೇಲೆ ಅಂಟಿಸಿದೆ. ಅಸಿಟೋನ್ ಖಾಲಿಯಾಗಿತ್ತು. ಹೊಸಪೇಟೆಗೆ ಯಾರು ಹೋಗುತ್ತಾರೆ ಅಂತ ಮನೆಯ ನೇಲ್ ಪಾಲಿಶ್ ರಿಮೂವರ್ ಬಳಸಿದೆ. ಅದರಲ್ಲೂ ಅಸಿಟೋನೇ ಇರುವುದು, ಅಲ್ವಾ? ಇರುತ್ತದೆ, ಜೊತೆಗೆ ಉಗುರು ಒಣಗದಿರಲಿ ಅಂತ ಎಣ್ಣೆ, ಸೆಂಟು ಕೂಡ ಇರುತ್ತದೆ. ನೀರಿನ ಪರೀಕ್ಷೆಯನ್ನೂ ಮಾಡಲಿಲ್ಲ.

ಮೇ 8ರ ಸಂಜೆ ಮಳೆಗಾಳಿ ಬೀಸಿತು. ದೋಣಿ ಅಂಗಡಿ ಹಿಂದೆ ನಿಂತಲ್ಲೇ ಇತ್ತು, ನೀರಿಗೂ ಇಳಿದಿರಲಿಲ್ಲ. ಕಂಬ ಓಲಾಡಿ ಓಲಾಡಿ ಬುಡ ಸಮೇತ ಕಿತ್ತು ಬಂತು. ಬುಡದ ಒಂದು ಕಡೆ ಜೆಲ್‌ಕೋಟ್‌ನ ಚಕ್ಕೆಯೂ ಎದ್ದಿತ್ತು. ಅಂದರೆ ಆ ಕಡೆ ಅಂಟು ಚೆನ್ನಾಗೇ ಹಿಡಿದಿತ್ತು, ಆದರೂ ಕಿತ್ತಿತು.

ಇದನ್ನು ನೋಡಿದ ಮೇಲೆ ನನಗೆ ಲೆಕ್ಕ ಹತ್ತಿತು. ಅಂಟನ್ನು ಪಕ್ಕಕ್ಕೆ ಜಾರಿಸಲು ನೋಡಿದರೆ ಪೂರ್ತಿ ಜಾಗ ಒಟ್ಟಿಗೆ ತಡೆಯುತ್ತದೆ. ಅಂಚಿನಿಂದ ಎಬ್ಬಿಸಿದರೆ ಒಂದು ಕೂದಲೆಳೆಯಷ್ಟು ಗೆರೆಯ ಮೇಲೇ ಎಲ್ಲಾ ಭಾರ. ಅದು ಬಿಟ್ಟ ಮೇಲೆ ಮುಂದಿನ ಗೆರೆ, ಆಮೇಲೆ ಅದರ ಮುಂದಿನದು. ಮೂರು ಅಡಿ ಕಂಬ ಅಂದರೆ ನಾಲ್ಕು ಇಂಚಿನ ಬುಡವನ್ನು ಎಬ್ಬಿಸುವ ಹಾರೆ.

ಕಂಬಕ್ಕೆ ಅಂಟೇ ಬೇಡ ಅಂತ ಬಿಟ್ಟೆ. ದೋಣಿಯ ಮೇಲಂಚು ಹೊರಕ್ಕೆ ಮಡಚಿದ ತುಟಿಯಂತಿದೆ, 50 ಮಿಮೀ ಅಗಲ. ಅದರ ಮೇಲೊಂದು ಕೆಳಗೊಂದು ಸಾಗುವಾನಿ ತುಂಡು, ನಡುವೆ ಸೈಕಲ್ ಟ್ಯೂಬಿನ ರಬ್ಬರ್, ಎರಡು ಜಿ-ಕ್ಲ್ಯಾಂಪ್. ಪೈಪು ಮೇಲಿನ ತುಂಡಿನಲ್ಲಿ ಕೂರುತ್ತದೆ. ಬೇಡವಾದಾಗ ಬಿಚ್ಚಿಡಬಹುದು. ಅರ್ಧ ಗಂಟೆ ಕೆಲಸ, 360 ರೂಪಾಯಿ.

ಮೇ 11 ರಿಂದ 25. ಸೆನ್ಸರ್

ಸೋನಾರ್ ಯಾಕೆ ಬೇಕು ಅಂತ ಗೆಳೆಯ ಇಂದಿಗೂ ಕೇಳುತ್ತಾನೆ. ನನ್ನ ಉತ್ತರ ಹೂಳು. ತುಂಗಭದ್ರಾ ಜಲಾಶಯ ಶುರುವಿನಲ್ಲಿ 133 ಟಿಎಂಸಿ ಹಿಡಿಯುತ್ತಿತ್ತು, ಈಗ ಸುಮಾರು 105. ಉಳಿದ ಜಾಗದಲ್ಲಿ ಮಣ್ಣು. ಕಳೆದ ವರ್ಷ ಬಲೆ ಇಳಿಸಿದ ಕಡೆ ಈ ವರ್ಷ ಕೆಸರು ಸಿಗಬಹುದು.

ಸೆನ್ಸರ್ ನೀರಿನಲ್ಲೇ ಇರಬೇಕೆಂದಿಲ್ಲ. ಒಂದೇ ಪದರದ ಫೈಬರ್ ಆದರೆ ತಳದ ಮೂಲಕವೇ ಶಬ್ದ ಹಾದು ಹೋಗುತ್ತದೆ. ನಡುವೆ ಫೋಮ್ ಇದ್ದರೆ ಆಗುವುದಿಲ್ಲ, ಗಾಳಿ ಇದ್ದರೂ ಆಗುವುದಿಲ್ಲ. ನನ್ನದು 5 ಮಿಮೀ ಒಂದೇ ಪದರ ಅಂತ ಮೊದಲ ದಿನವೇ ಅಳೆದಿದ್ದೆನಲ್ಲ.

ನೀರಲ್ಲಿ ಪರೀಕ್ಷೆ ಮಾಡದೆ ನೇರವಾಗಿ ಅಂಟಿಸಿದ್ದು ತಪ್ಪು. ಎಪಾಕ್ಸಿಯನ್ನು ಮೊಟ್ಟೆ ಕಲಕಿದಂತೆ ಜೋರಾಗಿ ಕಲಸಿದ್ದು ಇನ್ನೊಂದು ತಪ್ಪು. ಟ್ರಾಕ್ಟರ್ ಟ್ರೈಲರ್ ಮೇಲೆ ದೋಣಿ ಹೇರಿಕೊಂಡು, ಹಿಂದೆ ಸರಿದ ನೀರನ್ನು ಹುಡುಕಿಕೊಂಡು ಹೋಗಿ ಇಳಿಸಿದೆವು. ಬಾಡಿಗೆ 600. ಪರದೆಯಲ್ಲಿ ಮೇಲಿನಿಂದ ಕೆಳಗಿನವರೆಗೆ ಬರೀ ಕಪ್ಪು ಗೀಟು, ತಳ ಕಾಣಲೇ ಇಲ್ಲ. ವಾಪಸ್ ತಂದು ಉಳಿಯಿಂದ ಎಬ್ಬಿಸಿ ನೋಡಿದರೆ ಸೆನ್ಸರ್ ಅಡಿಯಲ್ಲಿ ಸಾಬೂನಿನ ನೊರೆಯಂತೆ ಗುಳ್ಳೆಗಳು. ಸೆನ್ಸರ್ ಮೈಗೆ ಗೀರು ಬಿತ್ತು, ಜೀವ ಹೋಗಲಿಲ್ಲ.

ಎರಡನೇ ಸಲ ಮೊದಲು ಪರೀಕ್ಷೆ. ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ, ಒಳಗೆ ಸೆನ್ಸರ್ ಇಟ್ಟು, ದೋಣಿಯ ಒದ್ದೆ ತಳಕ್ಕೆ ಒತ್ತಿ ಹಿಡಿದು ಐದಾರು ಜಾಗ ನೋಡಿದೆವು. ಹಿಂದಿನ ಆಸನದ ಕೆಳಗೆ, ನಡುಗೆರೆಯಿಂದ ಒಂದು ಗೇಣು ಬಲಕ್ಕೆ, ಚಿತ್ರ ಸ್ವಚ್ಛವಾಗಿ ಬಂತು. ಅಲ್ಲಿ ಪೆನ್ಸಿಲ್ ಗುರುತು.

ಈ ಸಲ ಸೆನ್ಸರ್ ಅನ್ನು ಅಂಟಿಸಲಿಲ್ಲ. 4 ಇಂಚಿನ ಪಿವಿಸಿ ಪೈಪಿನ ಮೂರು ಇಂಚು ತುಂಡು ಕತ್ತರಿಸಿ ಒಂದು ಬಾವಿ ಮಾಡಿದೆ. ಪೈಪಿನ ಬುಡ ದೋಣಿಯ ಬಾಗಿಗೆ ಹೊಂದಬೇಕು. ಅದಕ್ಕೆ ಗುರುತಿನ ಜಾಗದ ಮೇಲೆ ಉಜ್ಜುವ ಕಾಗದವನ್ನು ಮುಖ ಮೇಲಾಗಿ ಹಾಸಿ, ಪೈಪನ್ನು ಅದರ ಮೇಲೆ ಹಿಂದೆ ಮುಂದೆ ಉಜ್ಜಿದೆ. ಇಪ್ಪತ್ತು ನಿಮಿಷಕ್ಕೆ ಪೈಪು ದೋಣಿಯ ಆಕಾರವನ್ನೇ ಪಡೆಯಿತು, ಬೆಳಕು ತೂರದಷ್ಟು. ಹೊಟ್ಟಿನ ಎಪಾಕ್ಸಿ ಹೊರಗಿನಿಂದ ಮಾತ್ರ ಸವರಿದೆ, ಒಳಗೆ ಬರಬಾರದು.

ಸೆನ್ಸರ್ ಈ ಬಾವಿಯೊಳಗೆ ಕೂರುತ್ತದೆ. ನಡುವೆ ಗಾಳಿ ಉಳಿಯದಂತೆ ಬಾವಿಗೆ ಏನು ತುಂಬುವುದು? ನೀರು ಆವಿಯಾಗುತ್ತದೆ. ಶೇಂಗಾ ಎಣ್ಣೆ ಕಮಟು ಹಿಡಿಯುತ್ತದೆ, ಇರುವೆ ಬೇರೆ. ಕೊಬ್ಬರಿ ಎಣ್ಣೆ ಡಿಸೆಂಬರ್ ಬೆಳಗಿನಲ್ಲಿ ಹೆಪ್ಪುಗಟ್ಟುತ್ತದೆ. ಕೊನೆಗೆ ಔಷಧಿ ಅಂಗಡಿಯಿಂದ ಲಿಕ್ವಿಡ್ ಪ್ಯಾರಾಫಿನ್ ತಂದೆ, ಮಲಬದ್ಧತೆಗೆ ಕುಡಿಯುವ ಎಣ್ಣೆ ಅದು. ಎರಡು ಬಾಟಲಿ ಕೇಳಿದಾಗ ಅಂಗಡಿಯವರು ಕನಿಕರದಿಂದ ನೋಡಿ, "ಎಷ್ಟು ದಿನಾ ಆತ್ರಿ ಆಗದಽ?" ಅಂದರು. ದೋಣಿಗೆ ಅಂದೆ. ನಂಬಲಿಲ್ಲ. ನಿತ್ಯ ಬೆಳಗ್ಗೆ ಬಿಸಿನೀರು ಕುಡಿಯಲು ಹೇಳಿ ಕಳಿಸಿದರು.

ಮೇ 25ಕ್ಕೆ ಮತ್ತೆ ನೀರಿಗೆ. ಗೆಳೆಯ ಬಿದಿರಿನ ಗಳ ಇಳಿಸಿದ, 9 ಅಡಿ. ಪರದೆ 8.7 ತೋರಿಸಿತು. "ನಿನ್ನ ಏಳೂವರೆ ಸಾವಿರದ ಟೀವಿಗಿಂತ ನನ್ನ ಗಳನಽ ಪಾಡ ಐತಿ" ಅಂದ. ಒಂದು ಕೊರತೆ ಹೇಳಬೇಕು: ಪರದೆ ತೋರಿಸುವ ಉಷ್ಣಾಂಶ ನೀರಿನದಲ್ಲ, ದೋಣಿಯ ಒಳಗಿನದು. ಬಿಸಿಲಿಗೆ ನಿಂತಾಗ 41 ತೋರಿಸುತ್ತಿತ್ತು. ಅದನ್ನು ನೋಡುವುದು ಬಿಟ್ಟಿದ್ದೇನೆ.

ಸ್ವಿಚ್ ಡಬ್ಬಿಗೆ ಫೋಮಿನ ಎರಡು ಬದಿ ಅಂಟುವ ಟೇಪು ಸಾಕಾಯಿತು. ಹಗುರ ಸಾಮಾನು, ನುಣುಪು ಜಾಗ, ಅಸಿಟೋನ್ ಒರೆಸಿದ ಮೇಲೆ. ಇವತ್ತಿಗೂ ಇದೆ. ಅದೇ ಟೇಪಿನಿಂದ ಒರಟು ತಳದ ಮೇಲೆ ನೀರಿನ ಬಾಟಲಿ ಹಿಡಿಕೆ ಕೂರಿಸಿದ್ದೆ, ಒಂದು ದಿನವೂ ನಿಲ್ಲಲಿಲ್ಲ.

ಜೂನ್ 15. ಮೂರನೇ ಸೋಲು: ಲಂಗರಿನ ಗೂಟ

ಇದು ಅಪಾಯದ್ದು. ಮೂತಿಯ ಹತ್ತಿರ, ಒಳಗೆ, ಬ್ಯಾಟರಿ ಪೀಠದಂತೆಯೇ ಒಂದು ಪೀಠ ಅಂಟಿಸಿ ಅದಕ್ಕೆ ಸ್ಟೀಲ್ ಗೂಟ ಹಾಕಿದ್ದೆ. ತಯಾರಿ ಎಲ್ಲಾ ಸರಿ, ನೀರಿನ ಪರೀಕ್ಷೆ ಪಾಸು. ದಂಡೆಯಲ್ಲಿ ಇಬ್ಬರು ಎಳೆದರೂ ಬರಲಿಲ್ಲ. ಆದರೆ ನಾವು ಎಳೆದದ್ದು ಪಕ್ಕಕ್ಕೆ, ಒಂದೇ ಸಮ. ನೀರಿನಲ್ಲಿ ಅಲೆ ಏರಿದಾಗ ಮೂತಿ ಮೇಲೆ ಹೋಗುತ್ತದೆ, ಹಗ್ಗ ಜಗ್ಗುತ್ತದೆ. ಮೇಲಂಚನ್ನು ದಾಟಿ ಬರುವ ಹಗ್ಗ ಗೂಟವನ್ನು ಮೇಲಕ್ಕೆ ಎಬ್ಬಿಸುತ್ತದೆ. ಪ್ರತಿ ಅಲೆಗೂ ಒಂದು ಹೊಡೆತ. ಕಂಬದ ಪಾಠವನ್ನೇ ಮರೆತಿದ್ದೆ.

ಗಾಳಿ ಎದ್ದ ಮೇಲೆ ಕಾಲು ಗಂಟೆ ಆಗಿರಬೇಕು. ಫಟ್ ಅಂತ ಸದ್ದು. ಗೂಟ, ಪೀಠ, ಹಗ್ಗ ಮೂರೂ ನನ್ನ ಕಿವಿಯ ಪಕ್ಕದಿಂದ ನೀರಿಗೆ. ಒಂದು ಅಂಗೈಯಗಲ ಜೆಲ್‌ಕೋಟ್ ಕೂಡ ಹೋಯಿತು. ಲಂಗರು ಸಿಗಲಿಲ್ಲ. ಹಳೆಯ ಮೋಟಾರಿನ ಎರಕದ ಮುಚ್ಚಳ ಅದು, 6 ಕೆಜಿ.

ಗೆಳೆಯ ಬೈಯಲಿಲ್ಲ. ದಂಡೆಗೆ ಬಂದ ಮೇಲೆ ತನ್ನ ಹರಿಗೋಲು ಮಗುಚಿ ತೋರಿಸಿದ. ಬಿದಿರಿನ ದಬ್ಬೆ ಹೆಣೆದದ್ದು, ಅಂಚಿಗೆ ಹಗ್ಗ ಸುತ್ತಿದ್ದು. "ಇದರಾಗ ಎಲ್ಲೆರ ಒಂದು ಮೊಳಿ ಐತೇನು ನೋಡು" ಅಂದ. ಇರಲಿಲ್ಲ. ಬಲೆಯ ಹಗ್ಗ, ಕಲ್ಲಿನ ಹಗ್ಗ ಎಲ್ಲವನ್ನೂ ಅವನು ಅಂಚಿನ ಸುತ್ತ ಕಟ್ಟುವುದು.

ನಾನೂ ಅದನ್ನೇ ಮಾಡಿದೆ. ಮುಂದಿನ ಆಸನ ದೋಣಿಯೊಂದಿಗೇ ಎರಕವಾದದ್ದು, ಅದಕ್ಕಿಂತ ಗಟ್ಟಿ ಜಾಗ ದೋಣಿಯಲ್ಲಿ ಇಲ್ಲ. ನೀರು ಹೋಗಲಿ ಅಂತ ಅದರ ಬುಡದಲ್ಲಿ ಎರಡೂ ಕಡೆ ಕಿಂಡಿ ಮೊದಲೇ ಬಿಟ್ಟಿದ್ದಾರೆ. 12 ಮಿಮೀ ನೈಲಾನ್ ಹಗ್ಗವನ್ನು ಕಿಂಡಿಯಿಂದ ತೂರಿಸಿ ಆಸನಕ್ಕೆ ಪೂರ್ತಿ ಸುತ್ತು ಹಾಕಿ, ಕುಣಿಕೆ ಮುಂದಕ್ಕೆ ಬಿಟ್ಟೆ. ಲಂಗರಿನ ಹಗ್ಗ ಈಗ ಆ ಕುಣಿಕೆಗೆ. ಹಗ್ಗ ಅಂಚಿಗೆ ಉಜ್ಜುವ ಕಡೆ ಹಳೆಯ ಹೋಸ್ ಪೈಪು ಸೀಳಿ ತೊಡಿಸಿದೆ. ಖರ್ಚು 140 ರೂಪಾಯಿ. ಎರಡು ತಿಂಗಳಿಂದ ನನ್ನ ತಲೆಯಲ್ಲಿ ಬರೀ ಅಂಟು ತುಂಬಿತ್ತು, ಹಗ್ಗದ ಯೋಚನೆಯೇ ಬಂದಿರಲಿಲ್ಲ.

ಖರ್ಚು

ಕೆಲಸಕ್ಕೆ ಬಂದದ್ದು: ಎಪಾಕ್ಸಿ ಒಂದು ಕೆಜಿ ಹಾರ್ಡ್‌ನರ್ ಸಮೇತ 1,150, ಅಸಿಟೋನ್ 180, ಉಜ್ಜುವ ಕಾಗದ 120, ಪ್ಲೈವುಡ್ ತುಂಡು 150, ಬೋಲ್ಟು ನಟ್ಟು 240, ಪೈಪು ಮತ್ತು ಮುಚ್ಚಳ 110, ಪ್ಯಾರಾಫಿನ್ 160, ತಕ್ಕಡಿ 450, ಕ್ಲ್ಯಾಂಪ್ 360, ಹಗ್ಗ 140, ಮಾಸ್ಕ್ ಗ್ಲೌಸ್ 150. ಒಟ್ಟು 3,210. ನೀರು ಪಾಲಾದದ್ದು: ಮಣೆ 220, ಸುಟ್ಟ ಮತ್ತು ಒಣಗದ ಎಪಾಕ್ಸಿ ಸುಮಾರು 250, ಟ್ರೈಲರ್‌ನ ಒಂದು ಸುಳ್ಳು ಟ್ರಿಪ್ಪು 600, ಗೂಟ 180. ಲಂಗರು ಗುಜರಿ, ಅದಕ್ಕೆ ಬೆಲೆ ಹಾಕಿಲ್ಲ. ಸೋನಾರ್, ಬ್ಯಾಟರಿ ಬೇರೆ.

ಜುಲೈ 20

ಹೊಸ ನೀರು ಬಂದಿದೆ, ಕೆಂಪಗೆ. ಮೂರು ವಾರದಲ್ಲಿ ಹನ್ನೊಂದು ಸಲ ಹೋಗಿ ಬಂದಿದ್ದೇವೆ. ಬ್ಯಾಟರಿ ಪೀಠ ಗಟ್ಟಿಯಾಗಿದೆ. ಒಂದು ಮೂಲೆಯ ಇಳಿಜಾರಿನಲ್ಲಿ ಕೂದಲಿನಂಥ ಬಿರುಕು ಕಂಡಿತು. ಎರಡೂ ತುದಿಗೆ ಪೆನ್ಸಿಲ್ ಗೀಟು ಹಾಕಿ ಪಕ್ಕದಲ್ಲೇ ತಾರೀಖು ಬರೆದಿದ್ದೇನೆ. ಹತ್ತು ದಿನವಾಯಿತು, ಗೀಟು ದಾಟಿಲ್ಲ. ಬಾವಿಯ ಪ್ಯಾರಾಫಿನ್ ಒಂದು ಚಮಚ ಕಮ್ಮಿಯಾಗಿದೆ. ಮುಚ್ಚಳದ ವೈರ್ ಬರುವ ಕಡೆ ಸೋರಿಕೆ ಇರಬೇಕು.

ಹಿಂದಿನ ಹಲಗೆ ಒಣಗಲೇ ಇಲ್ಲ. ಬಲ್ಬ್ ಇಟ್ಟು ಐದು ವಾರ ಕಾದರೂ ತಟ್ಟಿದರೆ ದಬ್ ದಬ್. ಸದ್ಯಕ್ಕೆ ತೂತಿಗೆ ತಾತ್ಕಾಲಿಕ ಬಿರಡೆ ಹಾಕಿದ್ದೇನೆ. ಮುಂದಿನ ಬೇಸಿಗೆಗೆ ಒಳಗಿನ ಫೈಬರ್ ಕತ್ತರಿಸಿ, ಕೊಳೆತ ಪ್ಲೈವುಡ್ ಕಿತ್ತು ಹೊಸದು ಹಾಕಬೇಕು. ಅಲ್ಲಿಯವರೆಗೆ ಆ ಹಲಗೆಗೆ ಮೋಟಾರ್ ತೂಗುಹಾಕುವಂತಿಲ್ಲ, ಹುಟ್ಟೇ ಗತಿ. ಗೆಳೆಯ ಮಾತ್ರ ತನ್ನ ಬುತ್ತಿ ಡಬ್ಬಿಯನ್ನು ಇವತ್ತಿಗೂ ನನ್ನ ಪೀಠದ ಬೋಲ್ಟಿಗೆ ಸಿಕ್ಕಿಸುವುದಿಲ್ಲ, ಆಸನಕ್ಕೆ ಹಗ್ಗ ಸುತ್ತಿ ಕಟ್ಟುತ್ತಾನೆ.